ಟೇಲರ್ ಬಿಟ್ಟ ಗಂಟು

ನಮ್ಮ ಬೀದಿಯ ಟೇಲರ್ ಅಂಗಡಿಗೆ ಬೀಗ ಹಾಕಿದ ಮೇಲೆ ಮೂರು ಸಲ ವಾಪಸ್ ಬಂದು ಅದನ್ನು ಜಗ್ಗಿ ನೋಡುತ್ತಾನೆ. ಹದಿನೆಂಟು ವರ್ಷ ಜಗ್ಗಿಸಿಕೊಂಡು ಆ ಬೀಗ ಎರಡಿಂಚು ಉದ್ದವಾಗಿದೆ. ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅದನ್ನೇ ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದದ್ದನ್ನು ನಾನೇ ಕಂಡಿದ್ದೇನೆ.

ಇಂಥವನ ಕೈಹೊಲಿಗೆಯಲ್ಲಿ ಒಂದೇ ದೋಷ. ದಾರ ಕತ್ತರಿಸುವಾಗ ಗಂಟನ್ನು ಮಾತ್ರ ಮುಟ್ಟುವುದಿಲ್ಲ. ಅದು ಬಟ್ಟೆಯೊಳಗೇ ಉಳಿದು ಹಾಕಿಕೊಂಡವರ ಕತ್ತಿಗೆ ಚುಚ್ಚುತ್ತದೆ. ಅವನ ಅಕ್ಕನ ಗಂಡ, ಅಂದರೆ ಭಾವ, ಪ್ರತಿ ಹೊಸ ಅಂಗಿ ಹಾಕಿಕೊಂಡಾಗಲೂ ಅಂಗಡಿಗೆ ಬಂದು ಕತ್ತು ಕೆರೆದುಕೊಳ್ಳುತ್ತಾರೆ.

"ನಿನ್ನಕ್ಕನ್ನ ಕಟ್ಕೊಂಡು ಹನ್ನೆರಡು ವರ್ಷ ಆಯ್ತು. ಅವಳೂ ಇಷ್ಟು ಚುಚ್ಚಿಲ್ಲ ಕಣಯ್ಯಾ!"

"ಗಂಟು ತೆಗೆದ್ಮೇಲೆ ಹೊಲಿಗೆ ಬಿಟ್ಟೋದ್ರೆ ಏನು ಮಾಡ್ಲಿ ಭಾವ?" ಎನ್ನುತ್ತಾನೆ ಟೇಲರ್.

ನಮ್ಮ ಬೀದಿಯ ಮೇಷ್ಟ್ರು ಭಾನುವಾರದ ಬೆಟ್ಟದ ಓಟ ಶುರು ಮಾಡಿದಾಗ ಅದಕ್ಕೆ ಟ್ರೇಲ್ ಓಟ, ಅಂದರೆ ಕಾಲುದಾರಿಯ ಓಟ, ಎಂದು ಹೆಸರಿಟ್ಟರು. ಟೇಲರ್ ಕಿವಿಗೆ ಅದು ಟ್ರಯಲ್ ಓಟ ಎಂದೇ ಬಿತ್ತು. ಅವನ ಕಸುಬಿನಲ್ಲಿ ಟ್ರಯಲ್ ಅಂದರೆ ಕಚ್ಚಾ ಹೊಲಿಗೆ ಹಾಕಿ ಗಿರಾಕಿಗೆ ತೊಡಿಸಿ ನೋಡುವುದು. ನೋಡಿದ ಮೇಲೆ ಆ ಹೊಲಿಗೆಯನ್ನು ಸರ್ರನೆ ಕಿತ್ತುಹಾಕುವುದು. ಏಳು ಭಾನುವಾರ ಓಡಿದ ಮೇಲೂ ಅವನು ಮೇಷ್ಟ್ರನ್ನು ಕೇಳಿದ್ದು, "ಟ್ರಯಲ್ ಸಾಕಲ್ವಾ ಸಾರ್? ನಿಜವಾದ ಓಟ ಯಾವಾಗ?"

ಎಂಟನೇ ಭಾನುವಾರ ಭಾವನೂ ಹೊರಟರು. ಕನ್ನಡಕ ತೆಗೆದರೆ ದೀಪದ ಕಂಬಕ್ಕೂ ನಮಸ್ಕಾರ ಹೇಳುವ ಮನುಷ್ಯ ಅವರು. ಅಕ್ಕ ಬಾಗಿಲಲ್ಲಿ ನಿಂತು ತಮ್ಮನಿಗೆ ಹೇಳಿದಳು: "ಅವರಿಗೆ ದೂರದ್ದು ಕಾಣಲ್ಲ, ಗೊತ್ತಲ್ಲ? ಹೇಗೆ ಕರ್ಕೊಂಡು ಹೋಗ್ತೀಯೋ ಹಾಗೇ ಕರ್ಕೊಂಡು ಬಾ." ಅಷ್ಟು ಕೇಳಿದ್ದೇ ಟೇಲರ್ ಭಾವನ ಶೂ ದಾರವನ್ನು ಮೂರು ಸಲ ಜಗ್ಗಿ ನೋಡಿದ.

ದಾರಿಯ ಗುರುತಿಗೆಂದು ಹಿಂದಿನ ದಿನವೇ ಅವನು ಕೆಂಪು ಲೈನಿಂಗ್ ಬಟ್ಟೆಯ ಪಟ್ಟಿಗಳನ್ನು ದಾರಿಯುದ್ದಕ್ಕೂ ಗಿಡಗಳಿಗೆ ಕಟ್ಟಿ ಬಂದಿದ್ದ. ಕೊನೆಯಲ್ಲಿ ಓಡುತ್ತಾ ಅವನ್ನು ತೆಗೆಯುವ ಕೆಲಸವೂ ಅವನದೇ. "ಎಲ್ಲರೂ ದಾಟಿದ ಮೇಲೆ ತೆಗೀಬೇಕು, ಗಂಟು ಸಮೇತ!" ಎಂದು ಮೇಷ್ಟ್ರು ಎರಡು ಸಲ ಹೇಳಿದ್ದರು. ನಾನು ಕೆಳಗೆ ವ್ಯಾನಿನ ಬಳಿ ನೀರಿನ ಬಾಟಲಿ ಕಾಯುತ್ತಿದ್ದೆ. ಈ ವಯಸ್ಸಿನಲ್ಲಿ ನಾನು ಓಡಿದರೆ ಬೆಟ್ಟವೇ ನನ್ನನ್ನು ದಾಟಿ ಮುಂದೆ ಹೋಗುತ್ತದೆ.

ಒಂಬತ್ತಕ್ಕೆ ಎಲ್ಲರೂ ಇಳಿದು ಬಂದರು. ಕೊನೆಗೆ ಟೇಲರ್ ಬಂದ. ಸೊಂಟದಲ್ಲಿ ಪುಟ್ಟ ಕತ್ತರಿ, ಜೇಬಿನ ತುಂಬ ಕೆಂಪು ಪಟ್ಟಿ. ಬಂದವನೇ ಸುತ್ತ ನೋಡಿದ.

"ಭಾವ ಎಲ್ಲಿ?"

"ನಿನ್ನ ಜೊತೆ ಇದ್ರಲ್ಲಯ್ಯ!" ಎಂದರು ಮೇಷ್ಟ್ರು.

"ಮುಂದೆ ಹೋಗಿರ್ತೀನಿ ಅಂದಿದ್ರು..."

ಭಾವ ಹಾಗೆ ಹೇಳಿದ್ದು ನಿಜ. ಹೇಳಿ, ತುದಿಯಲ್ಲಿದ್ದ ದೊಡ್ಡ ಬಂಡೆಯ ಹಿಂದೆ ದೇಹಬಾಧೆಗೆ ಹೋಗಿದ್ದರು. ಅದನ್ನು ಕೂಗಿ ಹೇಳುವುದು ಹೇಗೆ ಎಂದು ನಾಚಿಕೆ. ಅಷ್ಟರಲ್ಲಿ ಮಂಜು ಇಳಿಯಿತು. ಟೇಲರ್‌ನ ಕೈ ಟ್ರಯಲ್ ಮುಗಿಯಿತೆಂದು ತಾನಾಗಿ ಪಟ್ಟಿಗಳನ್ನು ಕತ್ತರಿಸುತ್ತಾ ಕೆಳಗಿಳಿದಿತ್ತು.

ಅರ್ಧ ದಾರಿಯಲ್ಲಿ ಒಂದು ಕವಲಿದೆ. ಬಲಕ್ಕೆ ಬಂದರೆ ವ್ಯಾನು. ಎಡಕ್ಕೆ ಹೋದರೆ ಹಳೆಯ ಕಲ್ಲುಕ್ವಾರಿ; ಅಲ್ಲಿ ನೆಲ ಹೇಳದೆ ಕೇಳದೆ ಮುಗಿದುಹೋಗುತ್ತದೆ. ಕವಲಿನ ಪಟ್ಟಿಯೂ ಟೇಲರ್‌ನ ಜೇಬಿನಲ್ಲಿತ್ತು.

ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು. ತಿರುಗಿ ಬೆಟ್ಟ ಹತ್ತಿದ. ಯಾವತ್ತೂ ಕೊನೆಗೆ ಬರುವವನು ಆ ದಿನ ಓಡಿದ ವೇಗಕ್ಕೆ ಅವನ ನೆರಳು ವ್ಯಾನಿನ ಹತ್ತಿರವೇ ಉಳಿದುಬಿಟ್ಟಿತು. ಮೇಷ್ಟ್ರು ಹಿಂದೆ ಓಡಿದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಕ್ಕ.

"ಮಾಮ, ಇಬ್ಬರ ಫೋನೂ ಸಿಗ್ತಿಲ್ಲ. ಇಳಿದ್ರಾ?"

"ಹೂಂನಮ್ಮಾ, ಬಟ್ಟೆ ಬದಲಾಯಿಸ್ತಿದ್ದಾರೆ."

ಹತ್ತು ನಿಮಿಷ ಬಿಟ್ಟು ಮತ್ತೆ. "ಇನ್ನೂ ಬದಲಾಯಿಸ್ತಿದ್ದಾರಾ?"

"ಗುಂಡಿ ಜಾಸ್ತಿ ಇದೆಯಮ್ಮಾ."

ಎಪ್ಪತ್ತು ವರ್ಷ ಸುಳ್ಳು ಹೇಳಿ ಪಳಗಿದ ನಾಲಿಗೆಗೂ ಅವತ್ತು ಸುಳ್ಳು ಎರಡಕ್ಕೇ ಮುಗಿದಿತ್ತು. ಮೂರನೇ ಸಲ ಫೋನು ಬಡಿದಾಗ ಅದನ್ನು ನೀರಿನ ಬಾಟಲಿಗಳ ನಡುವೆ ತುರುಕಿದೆ.

ಮೇಲೆ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಕವಲಿನಲ್ಲಿ ಟೇಲರ್ ಕಂಡದ್ದು ಒದ್ದೆ ಮಣ್ಣಿನಲ್ಲಿ ಒಂದು ಹೊಸ ಹೆಜ್ಜೆ. ಎಡಕ್ಕೆ. ಹೆಜ್ಜೆಯ ಪಕ್ಕ ಅಂಗೈ ಊರಿ, ಗೇಣು ಹಾಕಿ ಅಳೆದ. ಭಾವನ ಮೈಯಳತೆಯ ಜೊತೆಗೆ ಪಾದದ ಉದ್ದವೂ ಅವನಿಗೆ ಬಾಯಿಪಾಠ. ಅವರದೇ. "ಭಾವಾ!" ಎಂದು ಕೂಗುತ್ತಾ ಕ್ವಾರಿಯ ಅಂಚಿನವರೆಗೆ ಓಡಿ ನಿಂತ. ಕೆಳಗೆ ಬಿಳಿ ಮಂಜು ಬಿಟ್ಟರೆ ಏನೂ ಇಲ್ಲ. ಕಾಲಿಗೆ ತಾಗಿದ ಕಲ್ಲೊಂದು ಉರುಳಿ ಬಿತ್ತು. ತಳ ಮುಟ್ಟಿದ ಸದ್ದು ಬಹಳ ಹೊತ್ತು ಬರಲಿಲ್ಲ. ಅವನು ಅಲ್ಲೇ ಮಂಡಿಯೂರಿದ. ಅಕ್ಕನ ಬಾಗಿಲಿಗೆ ಹೇಗೆ ಹೋಗುವುದು?

"ಅಲ್ಲಿ ಬಗ್ಗಿ ಯಾರಿಗೆ ಅಳತೆ ತಗೋತಿದ್ದೀಯ?"

ಹಿಂದಿನಿಂದ ಬಂದ ದನಿ. ತಿರುಗಿದರೆ ಕವಲಿನಲ್ಲಿ ಭಾವ, ಪಕ್ಕದಲ್ಲಿ ಏದುಸಿರು ಬಿಡುವ ಮೇಷ್ಟ್ರು. ಭಾವನ ಒಂದು ಕೈಯಲ್ಲಿ ಮಂಜು ಹಿಡಿದ ಕನ್ನಡಕ. ಇನ್ನೊಂದು ಕೈಯ ಬೆರಳು ಗಿಡದ ಕೊಂಬೆಯ ಮೇಲೆ. ಆ ಕೊಂಬೆಯಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು.

"ಪಟ್ಟಿ ಕಾಣಲಿಲ್ಲ. ಆದ್ರೆ ಮೇಲಿಂದ ಪ್ರತಿ ಗಿಡ ಹಿಡಿದಾಗ್ಲೂ ನಿನ್ನ ಗಂಟು ಬೆರಳಿಗೆ ಸಿಕ್ತು. ಈ ಎಡಗಡೆ ಹತ್ತು ಗಿಡ ತಡವಿದೆ, ಒಂದರಲ್ಲೂ ಇಲ್ಲ. ನನ್ನ ಭಾಮೈದ ಮುಟ್ಟಿದ್ದಿದ್ರೆ ಗಂಟು ಬಿಡದೆ ಇರ್ತಾನಾ? ಎಲ್ಲಿ ತಪ್ಪಿದೆ ಅಂತ ನೋಡೋಕೆ ಮೇಲಿನ ಗಿಡದವರೆಗೆ ವಾಪಸ್ ಹೋಗಿ ತಡವ್ತಾ ಬಂದೆ, ಈ ಕವಲಿನ ಗಂಟು ಈಗ ಸಿಕ್ತು."

ಟೇಲರ್ ಎದ್ದು ಓಡಿ ಬಂದ. ಭಾವನ ತೋಳನ್ನು ಹಿಡಿದುಕೊಂಡ. ಕೆಳಗೆ ವ್ಯಾನು ಮುಟ್ಟುವವರೆಗೂ ಬಿಡಲಿಲ್ಲ. ಗಂಟು ಸಮೇತ ತೆಗೆಯಲು ಹೇಳಿದ್ದ ಮೇಷ್ಟ್ರು ಆ ಗಂಟುಗಳ ಸುದ್ದಿಯನ್ನೇ ಎತ್ತಲಿಲ್ಲ.

ಫೋನು ಮತ್ತೆ ಬಡಿಯಿತು. ನಾನು ಬಿಸಿ ಕೆಂಡ ದಾಟಿಸುವಂತೆ ಅದನ್ನು ಭಾವನ ಕೈಗೆ ಹಾಕಿದೆ.

"ಎಲ್ಲಿದ್ರಿ ಇಷ್ಟು ಹೊತ್ತು? ನನ್ನ ಜೀವ ಹೋಗಿ ಬಂತು!"

ಭಾವ ಟೇಲರ್ ಕಡೆ ನೋಡಿದರು. ಅವನು ಮತ್ತೆ ಅವರ ತೋಳು ಹಿಡಿದುಕೊಂಡಿದ್ದ.

"ನಿನ್ನ ತಮ್ಮ ಟ್ರಯಲ್ ನೋಡ್ತಿದ್ದ ಕಣೇ," ಎಂದರು. "ಸ್ವಲ್ಪ ಬಿಗಿಯಾಯ್ತು, ಅಷ್ಟೇ."