ಗುರು ಶನಿ ಒಂದೇ ಚೌಕಟ್ಟಿನಲ್ಲಿ

ನಮ್ಮ ಹಿತ್ತಲಿನ ಪಡುವಣಕ್ಕೆ ಒಂಬತ್ತು ತೆಂಗಿನ ಮರಗಳಿವೆ. ಕೊರೋನಾ ಬಂದ ವರ್ಷದ ಡಿಸೆಂಬರಿನವರೆಗೆ ಅವು ನನಗೆ ಅಡ್ಡ ಬಂದದ್ದಿಲ್ಲ. ಆ ತಿಂಗಳು ಗುರು ಮತ್ತು ಶನಿ ಗ್ರಹಗಳು ಸೂರ್ಯ ಮುಳುಗಿದ ಮೇಲೆ ನೈರುತ್ಯದ ಕಡೆ, ತಗ್ಗಿನಲ್ಲಿ ಕಾಣುತ್ತಿದ್ದವು. ದಿನದಿಂದ ದಿನಕ್ಕೆ ಹತ್ತಿರವಾಗುತ್ತಿದ್ದವು. ಇಪ್ಪತ್ತು ವರ್ಷಕ್ಕೊಮ್ಮೆ ಅವೆರಡೂ ಜೊತೆಯಾಗುವುದುಂಟು; ಆದರೆ ದೂರದರ್ಶಕದ ಒಂದೇ ನೋಟದೊಳಗೆ ಎರಡೂ ಹಿಡಿಸುವಷ್ಟು ಸಮೀಪ ಬರುವುದು ತೀರ ಅಪರೂಪ. ನಾನಿರುವಷ್ಟು ದಿನದಲ್ಲಿ ಇನ್ನೊಮ್ಮೆ ಬರುವುದಿಲ್ಲ ಎಂದು ಗೊತ್ತಿತ್ತು.

ನಾನು ಹಿರೇನಲ್ಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮದುವೆಯಾಗಲಿಲ್ಲ; ಕಡೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆ, ಅಪ್ಪ ಕಟ್ಟಿಸಿದ ಹೆಂಚಿನ ಮನೆಯಲ್ಲಿದ್ದೇನೆ. ಅಣ್ಣನದು ತೆಂಗಿನಕಾಯಿ ವ್ಯಾಪಾರ. ಆ ವರ್ಷ ಶಾಲೆ ಮುಚ್ಚಿತ್ತು, ಬಸ್ಸು ಹತ್ತುವ ಕೆಲಸವಿರಲಿಲ್ಲ. ಹಿಂದಿನ ವರ್ಷ ತರಿಸಿಕೊಂಡಿದ್ದ ದೂರದರ್ಶಕವನ್ನು ಪ್ರತಿ ಸಂಜೆ ಹಿತ್ತಲಿಗೆ ತರುತ್ತಿದ್ದೆ. ನಾಲ್ಕು ಅಡಿ ಉದ್ದದ ಕೊಳವೆ, ತಳದಲ್ಲಿ ಆರು ಇಂಚಿನ ಕನ್ನಡಿ, ಅದನ್ನು ಕೂರಿಸುವ ಮರದ ಪೀಠ. ಕಣ್ಣಿಟ್ಟು ನೋಡುವ ಕಡೆ ಫೋನನ್ನು ಕಚ್ಚಿಸಿ ಫೋಟೋ ತೆಗೆಯುವುದನ್ನು ಕಲಿತಿದ್ದೆ. ಚಂದ್ರನ ಚಿತ್ರಗಳು ಚೆನ್ನಾಗಿಯೇ ಬಂದಿದ್ದವು.

ಗ್ರಹಗಳು ತೀರ ಹತ್ತಿರವಾಗಲು ಮೂರು ದಿನ ಬಾಕಿ ಇದ್ದಾಗ, ಅವು ಪೂರ್ತಿ ಗರಿಗಳ ಹಿಂದೆ ಸರಿದುಹೋದವು. ಕೆರೆ ಏರಿಗೆ ಹೊತ್ತುಕೊಂಡು ಹೋಗೋಣವೆಂದರೆ ಒಬ್ಬಳ ಕೈಯಲ್ಲಿ ಆಗುವ ತೂಕವಲ್ಲ. ಉಳಿದದ್ದು ಒಂದೇ ಜಾಗ. ನಮ್ಮ ತೆಂಗಿನ ಸಾಲಿನಾಚೆಗಿನ ಹಿತ್ತಲು. ಅದರ ಹಿಂದೆ ರಾಗಿ ಹೊಲ, ಅದರ ಮೇಲೆ ಬರಿ ಆಕಾಶ.

ಆ ಮನೆಯವರ ಜೊತೆ ನಮಗೆ ಮಾತಿರಲಿಲ್ಲ. ಅಲ್ಲಿರುವವರು ನಿವೃತ್ತ ಸರ್ವೆಯರು; ಅಜ್ಜಂಪುರ, ತರೀಕೆರೆ ಕಡೆಯ ಹೊಲಗಳನ್ನೆಲ್ಲ ಅಳೆದವರು. ಅಪ್ಪನಿಗೆ ಆಪ್ತ ಸ್ನೇಹಿತರಾಗಿದ್ದರು, ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಅವರು ನಿವೃತ್ತರಾದ ಮೇಲೆ ಒಮ್ಮೆ, ಅಪ್ಪನಿಗೂ ನಮ್ಮ ಮೂಡಲ ಮನೆಯವರಿಗೂ ಗಡಿಯ ತಕರಾರು ಬಂತು. ಎರಡು ಕಡೆಯವರೂ ದೊಡ್ಡಪ್ಪನೇ ಅಳೆದು ಹೇಳಲಿ ಎಂದು ಒಪ್ಪಿದರು. ಅವರು ಅಳೆದರು. ನಮ್ಮ ಗೋಡೆ ಒಂದೂವರೆ ಅಡಿ ಆಚೆ ಹೋಗಿದೆ ಎಂದು ಎಲ್ಲರೆದುರಿಗೆ ಹೇಳಿದರು. ಅಪ್ಪ ಎದುರು ಮಾತಾಡದೆ ಗೋಡೆ ಕೀಳಿಸಿ ಈಚೆಗೆ ಕಟ್ಟಿಸಿದರು. ಆದರೆ ಸಾಯುವವರೆಗೂ ದೊಡ್ಡಪ್ಪನ ಕಡೆ ತಿರುಗಿ ನೋಡಲಿಲ್ಲ. ಅಪ್ಪ ಹೋದ ಮೇಲೆ ಅಣ್ಣನೂ ಹಾಗೆಯೇ ಮುಂದುವರಿಸಿದ. ನಾನೂ ಅಷ್ಟೆ. ಹನ್ನೊಂದು ವರ್ಷ, ಯಾಕೆ ಎಂದು ಯೋಚಿಸದೆ, ಅವರು ಎದುರಾದರೆ ತಲೆ ತಗ್ಗಿಸಿ ನಡೆದಿದ್ದೆ.

ಮರುದಿನ ಬೆಳಿಗ್ಗೆ ಅವರ ಬಾಗಿಲಿಗೆ ಹೋದೆ. ಕೆಲಸವಿದ್ದದ್ದರಿಂದ ಹೋದೆನೇ ಹೊರತು ಮನಸ್ಸು ಕರಗಿ ಅಲ್ಲ. ಅದನ್ನು ಈಗ ಮುಚ್ಚಿಡಬೇಕಾಗಿಲ್ಲ. ಅವರಿಗೆ ಎಂಬತ್ತು ದಾಟಿತ್ತು. ಜಗಲಿಯ ಮೇಲೆ ಕೂತಿದ್ದರು. ನಿಂತೇ ವಿಷಯ ಹೇಳಿದೆ. ಅವರು ಗಡಿಯ ಮಾತಾಗಲಿ, ಅಪ್ಪನ ಮಾತಾಗಲಿ ತೆಗೆಯಲಿಲ್ಲ.

“ಎಷ್ಟು ದಿನ ಬೇಕವ್ವ?” ಎಂದು ಕೇಳಿದರು.

ನಾಲ್ಕೈದು ಸಂಜೆ, ಅದೂ ಒಂದೊಂದು ಗಂಟೆ ಮಾತ್ರ ಎಂದೆ. ಹಿತ್ತಲ ಬಾಗಿಲು ತೆಗೆದಿರುತ್ತದೆ ಎಂದರು. ಒಳಗಿನಿಂದ ಅವರ ಹೆಂಡತಿ ಬಂದು, ಕಾಫಿ ಕುಡಿಯದೆ ಹೋಗುವ ಹಾಗಿಲ್ಲ ಎಂದು ಕೂರಿಸಿದರು.

ಮನೆಯಲ್ಲಿ ಅಣ್ಣನಿಗೆ ಹೇಳಿದಾಗ ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ನಿನ್ನಿಷ್ಟ ಎಂದ.

ಮೊದಲ ಸಂಜೆ ಫೋಟೋ ಒಂದೂ ಸರಿ ಬರಲಿಲ್ಲ. ಭೂಮಿ ತಿರುಗುವುದರಿಂದ ಗ್ರಹಗಳು ನೋಟದೊಳಗೆ ನಿಲ್ಲುವುದಿಲ್ಲ, ಅರ್ಧ ನಿಮಿಷದಲ್ಲಿ ಜಾರಿ ಅಂಚಿಗೆ ಹೋಗುತ್ತವೆ. ಕೊಳವೆಯನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ತಳ್ಳುತ್ತಿರಬೇಕು. ಸಡಿಲ ಮಣ್ಣಿನ ಮೇಲೆ ಪೀಠ ಅಲುಗಾಡಿ, ಮುಟ್ಟಿದಾಗಲೆಲ್ಲ ಚಿತ್ರ ನಡುಗುತ್ತಿತ್ತು. ದೊಡ್ಡಪ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

ಎರಡನೆಯ ಸಂಜೆ ಹೋಗುವಷ್ಟರಲ್ಲಿ ಅಲ್ಲಿ ಒಂದು ಕಲ್ಲು ಚಪ್ಪಡಿ ಕೂರಿಸಿತ್ತು. ಸುತ್ತ ಜಲ್ಲಿ ತುಂಬಿ ಗಟ್ಟಿ ಮಾಡಿತ್ತು. ಕೂಲಿಯವರನ್ನು ಕರೆಸಿ ಮಾಡಿಸಿದ್ದರಂತೆ. ಅವರು ರಸಮಟ್ಟ ಹಿಡಿದು ನಿಂತಿದ್ದರು. ಗಾಜಿನ ನಳಿಗೆಯಲ್ಲಿ ಗುಳ್ಳೆ ನಡುವೆ ನಿಂತರೆ ನೆಲ ಸಮವಾಗಿದೆ ಎಂದು ಲೆಕ್ಕ. ಎರಡು ದಿಕ್ಕಿಗೂ ಇಟ್ಟು ನೋಡಿ, ಒಂದು ಮೂಲೆಗೆ ಚಕ್ಕೆ ಕೊಟ್ಟು, ಈಗ ಇಡು ಎಂದರು.

ಪೀಠ ಅಲುಗಲಿಲ್ಲ. ಎರಡು ಗ್ರಹಗಳನ್ನೂ ನೋಟಕ್ಕೆ ತಂದು ಅವರನ್ನು ಕರೆದೆ. ಬಗ್ಗಿ ನೋಡುವ ಮುಂಚೆ, ಎಲ್ಲ ತಲೆಕೆಳಗಾಗಿ ಕಾಣುತ್ತದೆ, ಅದು ತಪ್ಪಲ್ಲ ಎಂದು ಪಾಠ ಶುರುಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

“ನಮ್ಮ ಸರ್ವೆ ದುರ್ಬೀನಲ್ಲೂ ಹಂಗೇ ಕಣವ್ವ. ಮೂವತ್ತು ವರ್ಷ ತಲೆಕೆಳಗಾದ ಅಂಕಿನೇ ಓದಿದೀನಿ.”

ತುಂಬ ಹೊತ್ತು ನೋಡಿದರು. ಶನಿಯ ಬಳೆ ಕಾಣುತ್ತಿದೆಯೇ ಎಂದರೆ ಕಾಣುತ್ತಿದೆ ಎಂದರು. ಗುರುವಿನ ಪಕ್ಕದ ಚುಕ್ಕೆಗಳು ಯಾವುವು ಎಂದು ಕೇಳಿದರು. ಅದರ ಚಂದ್ರರು ಎಂದೆ. ಆಮೇಲೆ, ಇವೆರಡೂ ನಿಜವಾಗಿ ಅಷ್ಟು ಹತ್ತಿರವಿವೆಯೇ ಎಂದು ಕೇಳಿದರು. ಇಲ್ಲ, ಶನಿ ಗುರುವಿಗಿಂತ ಹೆಚ್ಚು ಕಡಿಮೆ ಎರಡರಷ್ಟು ದೂರ, ನಮಗೆ ಒಂದೇ ಗೆರೆಯಲ್ಲಿ ಕಾಣುತ್ತವೆ ಅಷ್ಟೆ ಎಂದೆ. ಅವರಿಗೆ ಆ ಉತ್ತರ ಹಿಡಿಸಿತು.

ಅಷ್ಟರಲ್ಲಿ ನಮ್ಮ ಬಚ್ಚಲ ಒಲೆಯ ಹೊಗೆ ಬಂತು. ಅಣ್ಣ ಮಂಡಿಯಿಂದ ಬಂದ ಕೂಡಲೇ ಸ್ನಾನ ಮಾಡುತ್ತಾನೆ. ಸಂಜೆಯೇ ಹಂಡೆಯ ಕೆಳಗೆ ತೆಂಗಿನ ಮಟ್ಟೆ ಹಾಕಿ ಉರಿ ಮಾಡುತ್ತಾರೆ. ಹೊಗೆ ಮರಗಳ ಸಂದಿಯಿಂದ ತೇಲಿ ಸರಿಯಾಗಿ ಗ್ರಹಗಳ ಮುಂದೆ ಬಂದು ನಿಂತಿತು. ಗುರು ಕಲಸಿದ ಹಿಟ್ಟಿನ ಉಂಡೆಯಂತೆ ಕಂಡಿತು, ಶನಿ ಮಾಯವೇ ಆಯಿತು. ಅವತ್ತೂ ಚಿತ್ರ ಸಿಗಲಿಲ್ಲ. ಮನೆಗೆ ಬಂದು ಅತ್ತಿಗೆಯ ಹತ್ತಿರ, ಯಾರನ್ನೂ ದೂರದೆ, ಹೀಗಾಯಿತು ಎಂದು ಮಾತ್ರ ಹೇಳಿದೆ.

ಮೂರನೆಯ ಸಂಜೆ, ಗ್ರಹಗಳು ಅತಿ ಹತ್ತಿರ ಬರುವ ದಿನ, ಮೋಡ ಕವಿಯಿತು. ಏಳೂವರೆಯವರೆಗೆ ಕಾದೆವು. ಆ ಹೊತ್ತಿನಲ್ಲಿ, ನಾನು ಕೇಳದೆಯೇ, ಅವರು ಗಡಿಯ ಮಾತೆತ್ತಿದರು.

“ನಿಮ್ಮಪ್ಪಂದು ಮೂರು ಸಲ ಅಳೆದೆ ಕಣವ್ವ. ನಂದೇ ತಪ್ಪಾಗಿರ್ಲಿ ಅಂತ. ಮೂರು ಸಲನೂ ಅಷ್ಟೇ ಬಂತು.”

ನಾನು ಕೊಳವೆಯ ಬಾಯಿಗೆ ಮುಚ್ಚಳ ಹಾಕಿದೆ.

ಮರುದಿನ ಆಕಾಶ ತೊಳೆದಂತಿತ್ತು. ಗ್ರಹಗಳು ಕೂದಲೆಳೆಯಷ್ಟು ಮಾತ್ರ ದೂರ ಸರಿದಿದ್ದವು. ಆರೂವರೆಗೆ ಶುರುಮಾಡಿದೆ. ಗುರುವಿನ ಹೊಳಪಿಗೆ ಹೊಂದಿಸಿದರೆ ಶನಿ ಮಂಕು. ಶನಿಗೆ ಹೊಂದಿಸಿದರೆ ಗುರು ಬಿಳಿ ಬೊಟ್ಟು. ಎರಡು ಬಗೆಯಲ್ಲೂ ವಿಡಿಯೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಬೇಕು. ನಾನು ಕೊಳವೆ ತಳ್ಳುವುದು, ದೊಡ್ಡಪ್ಪ ಗಡಿಯಾರ ನೋಡಿಕೊಂಡು ಸಾಕು ಎನ್ನುವುದು, ಹೀಗೆ ಹದಿನಾರು ತುಣುಕು ಆದವು. ಹೊಗೆ ಬರಲೇ ಇಲ್ಲ ಎಂದು ಗೊತ್ತಾದದ್ದು ಕೆಲಸ ಮುಗಿದ ಮೇಲೆ. ಮನೆಗೆ ಹೋದಾಗ ಅತ್ತಿಗೆ ಒಲೆಗೆ ಆಗತಾನೆ ಬೆಂಕಿ ಹಚ್ಚುತ್ತಿದ್ದರು. ಏಳೂವರೆ ದಾಟುವ ತನಕ ಮುಟ್ಟಬೇಡ ಎಂದು ಅಣ್ಣನೇ ಹೇಳಿದ್ದನಂತೆ.

ಮೂರು ದಿನ ಕೂತು ಚಿತ್ರ ಸಿದ್ಧಮಾಡಿದೆ. ಅದ್ಭುತವೇನಲ್ಲ. ಗುರುವಿನ ಮೇಲೆ ಎರಡು ಪಟ್ಟೆ, ಪಕ್ಕದಲ್ಲಿ ಚಂದ್ರರು, ಸ್ವಲ್ಪ ದೂರದಲ್ಲಿ ಬಳೆ ತೊಟ್ಟ ಪುಟ್ಟ ಶನಿ. ಅಂಚುಗಳಲ್ಲಿ ಬಣ್ಣ ಕದಡಿದೆ. ಆದರೂ ಎರಡೂ ಒಂದೇ ಚೌಕಟ್ಟಿನಲ್ಲಿವೆ. ಅಣ್ಣನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಅವರಿಗೆ ಕೊಟ್ಟೆಯಾ ಎಂದು ಕೇಳಿದ. ಕೊಡುತ್ತೇನೆ ಎಂದೆ. ಆಗ ದೊಡ್ಡಪ್ಪ ಮೂರು ಸಲ ಅಳೆದ ಸಂಗತಿ ಹೇಳಿದೆ.

ಅಣ್ಣ ಫೋನು ವಾಪಸು ಕೊಟ್ಟ. “ಅವ್ರು ಅಳೆದಿದ್ದು ಸರಿಯಾಗೇ ಇತ್ತು. ಅಪ್ಪಂಗೂ ಗೊತ್ತಿತ್ತು,” ಎಂದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ.

ಅಣ್ಣ ಆ ಮನೆಗೆ ಹೋಗಲಿಲ್ಲ. ಬೀದಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದ, ಅಷ್ಟು. ನಾನು ವಾರಕ್ಕೆ ಎರಡು ಸಲವಾದರೂ ಹೋಗುತ್ತಿದ್ದೆ. ಮುಂದೆ ದೊಡ್ಡಪ್ಪ, ದೊಡ್ಡಮ್ಮ ತರೀಕೆರೆಯ ಮಗಳ ಮನೆಗೆ ಹೋದರು. ಎರಡು ವರ್ಷ ಕಳೆದು ಗುರುವಿನ ಪಕ್ಕಕ್ಕೆ ಶುಕ್ರ ಬಂದಾಗ ಅವರಿಗೆ ಫೋನು ಮಾಡಿದೆ. ಅದಕ್ಕೆ ದುರ್ಬೀನು ಬೇಡ, ಬರಿಗಣ್ಣೇ ಸಾಕು ಎಂದೆ. ಆಗಲೇ ಮಹಡಿ ಹತ್ತಿ ನೋಡಿ ಇಳಿದಿದ್ದೇನೆ ಎಂದರು.