‘ಐ’ ಕಡೆಗೇ ಇರಬೇಕಂತೆ

ನಿನ್ನೆ ಬೇಲಿಯಲ್ಲಿ ತೊಂಡೆಕಾಯಿ ಹರಿಯುವಾಗ ಎಲೆ ಜಜ್ಜಿ ಕೈಗೆ ಹಸಿ ವಾಸನೆ ಹತ್ತಿತು. ಸಣ್ಣವರಿದ್ದಾಗ ಸಾಲೆಯಲ್ಲಿ ಬರೆಯುವ ಪಾಟಿ ಒರೆಸುತ್ತಿದ್ದದ್ದು ಆ ಎಲೆಯಿಂದಲೇ. ನಮ್ಮಕ್ಕ ನೆನಪಾದಳು... ಕೂಡಲೇ ಸಿಟ್ಟೂ ಬಂತು.

ಯಾವಗಲ್ಲಿನ ಸಾಲೆಯಲ್ಲಿ ಒಂದೇ ಕೋಣೆಗೆ ಎರಡು ಇಯತ್ತೆ. ಅಕ್ಕ ಮುಂದಿನ ಸಾಲು, ನಾನು ಹಿಂದೆ. ‘ನಾನು ಮತ್ತು ನನ್ನ ತಮ್ಮ ಸಾಲೆಗೆ ಹೋಗುತ್ತೇವೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಲು ಮಾಸ್ತರು ಹೇಳಿದರು. ಅಕ್ಕ ‘ಮೀ ಅಂಡ್ ಮೈ ಬ್ರದರ್’ ಎಂದು ಬರೆದಳು. ಮೀ ಅಲ್ಲ, ಐ ಎಂದರು. ಒರೆಸಿ ‘ಐ ಅಂಡ್ ಮೈ ಬ್ರದರ್’ ಎಂದು ಬರೆದಳು. ಅದೂ ತಪ್ಪಂತೆ.

“ತಮ್ಮನ್ನ ಮುಂದಿಡು, ನೀ ಕಡೀಕ ಬಾ. ಅದು ಮರ್ಯಾದಿ,” ಎಂದರು.

“ಮನ್ಯಾಗ ಗಂಡಸ್ರು ಉಂಡು ಎದ್ದ ಮ್ಯಾಲೆ ನಮಗ ರೊಟ್ಟಿ. ಇಂಗ್ಲಿಷಿನ್ಯಾಗೂ ಹಂಗ ಏನ್ರಿ ಸರ?” ಎಂದಳು ಅಕ್ಕ.

ಹುಡುಗರೆಲ್ಲ ನಕ್ಕರು. ಮಾಸ್ತರು ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು. ಸಂಜೆ ಮನೆಗೆ ಬಂದು, ನಮ್ಮವ್ವ ಕೊಟ್ಟ ಚಹಾ ಕುಡಿದು, ಅಪ್ಪನಿಗೆ ಹೇಳಿದರು: “ಹುಡುಗಿ ನಾಲಿಗಿ ಭಾಳ ಉದ್ದ ಐತ್ರಿ. ಇನ್ನಷ್ಟು ಕಲಿಸಿದ್ರ ಕೊಟ್ಟ ಮನ್ಯಾಗ ಬಾಳ್ವಿ ಮಾಡೂದಿಲ್ಲ.”

ಮರುದಿನದಿಂದ ಹೆಣ್ಣುಮಕ್ಕಳು ನಾವಿಬ್ಬರೂ ಹೊಲಕ್ಕೆ. ತಮ್ಮ ಮಾತ್ರ ಸಾಲೆಗೆ. ಅವನೂ ಅಂಥವೇ ತಪ್ಪು ಮಾಡುತ್ತಿದ್ದ, ಮಾಸ್ತರು ನಕ್ಕು ತಿದ್ದುತ್ತಿದ್ದರು.

ಅಕ್ಕನನ್ನು ಮುಶಿಗೇರಿಗೆ ಕೊಟ್ಟರು. ಅಪ್ಪ ತೀರಿದ ಮೇಲೆ ಹೊಲ ತಮ್ಮನ ಹೆಸರಿಗೆ ಮಾಡಲು ರೋಣದ ಕಚೇರಿಗೆ ನಮ್ಮಿಬ್ಬರನ್ನೂ ಕರೆಸಿದರು. ನಾನು ವಕ್ರವಾಗಿ ಸಹಿ ಮಾಡಿದೆ. ಅಕ್ಕ ಹೆಬ್ಬೆಟ್ಟು ಒತ್ತಿದಳು.

“ಯಕ್ಕಾ, ನಿನಗ ಸಹಿ ಬರತೈತಲ್ಲ?” ಎಂದ ತಮ್ಮ.

“ಸಾಲಿ ಬಿಡಿಸಿದಾಗ ಕೇಳಬೇಕಿತ್ತಪಾ ಅದನ್ನ. ಈಗ ಇಷ್ಟ ಸಾಕು ನಿಮಗ.”

ಆಮೇಲೂ ಅವಳು ಪೆನ್ನು ಮುಟ್ಟಲಿಲ್ಲ. ಹಠ ಅಂದರು ಮಂದಿ. ಹಠವಾದರೂ ಅವಳ ಕೈಯಲ್ಲಿ ಉಳಿಯಲಿ ಅಂತ ನಾನು ಸುಮ್ಮನಿದ್ದೆ.

ಹೋದ ಬೇಸಿಗೆಯಲ್ಲಿ ಅಕ್ಕ ಹೋದಳು. ಮಣ್ಣಿಗೆ ಬಂದವಳೊಬ್ಬಳು, “ಪಾಪ, ಅಕ್ಷರ ಬರದ ಜೀವ,” ಎಂದಳು.

“ಬರಲಾರದ್ದಲ್ಲ ಯವ್ವಾ, ಕಸಕೊಂಡಿದ್ದು,” ಎಂದೆ. ತಮ್ಮ ಅಲ್ಲೇ ಇದ್ದ.

ಅಪ್ಪನೂ ಇಲ್ಲ, ಮಾಸ್ತರೂ ಇಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನನಗಿದೆ. ನನಗೆ ಬರುವ ನಾಲ್ಕು ಅಕ್ಷರ ಅಕ್ಕನೇ ಕೈ ಹಿಡಿದು ತಿದ್ದಿಸಿದ್ದು. ಈ ಬರೆದದ್ದರಲ್ಲಿ ತಪ್ಪಿದ್ದರೆ ಇರಲಿ... ತೋರಿಸುವವಳು ಇಲ್ಲ.