ಗಂಟೆಯಣ್ಣ ಕರೆತಂದ ಐದನೆಯವರು

ಸಂಸತ್ತಿನ ಆ ದೊಡ್ಡ ಕಟ್ಟಡದಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಸಮಿತಿ ಸೇರುವ ಹೊತ್ತಿಗೆ ಗಂಟೆ ಬಾರಿಸುವುದು, ಮೇಜಿನ ಮೇಲೆ ಸದಸ್ಯರ ಹೆಸರಿನ ಫಲಕ ಜೋಡಿಸುವುದು, ಲೋಟಗಳಿಗೆ ನೀರು ತುಂಬಿಸುವುದು ಅವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗಂಟೆಯಣ್ಣ. ನಾನು ಪಕ್ಕದ ಕೊಠಡಿಯ ಬಾಗಿಲು ಕಾಯುವವನು. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಕೆಳಗೆ ಕೂತು ಡಬ್ಬಿ ಬಿಚ್ಚುವವರು. ಅವನ ಕಥೆ ಹೇಳಲು ನನಗೆ ಅಷ್ಟು ಹಕ್ಕು ಸಾಕು.

ಇಲ್ಲಿಯ ಕುರ್ಚಿಗಳ ಲೆಕ್ಕಾಚಾರ ಹೊರಗಿನವರಿಗೆ ಬೇಗ ತಲೆಗೆ ಹೋಗುವುದಿಲ್ಲ. ಚುನಾವಣೆ ಮುಗಿದ ಮೇಲೆ ಮೊದಲು ಸಭಾಧ್ಯಕ್ಷರ ಆಯ್ಕೆ. ಆಮೇಲೆ ಸಮಿತಿಗಳನ್ನು ಪಕ್ಷಗಳು ತಮ್ಮ ಬಲಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ತನಿಖಾ ಸಮಿತಿಯ ಅಧ್ಯಕ್ಷಗಿರಿ ಮಾತ್ರ ವಿರೋಧ ಪಕ್ಷಕ್ಕೆ. ಅದು ನಡೆದುಬಂದ ರೂಢಿ. ಆದರೆ ಯಾವ ಸಮಿತಿಯಲ್ಲಿ ಯಾರು ಕೂರಬೇಕು, ಯಾರು ಏಳಬೇಕು ಎಂದು ತೀರ್ಮಾನಿಸುವವರು ಆಯಾ ಪಕ್ಷದ ಸಚೇತಕರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಗಳು ಇವರೇ. ಅವರ ಒಂದು ಸಾಲಿನ ಆದೇಶ ಸಭಾಧ್ಯಕ್ಷರ ಕಚೇರಿಗೆ ಮುಟ್ಟಿದ ಕ್ಷಣವೇ ಸದಸ್ಯ ಬದಲಾದ ಹಾಗೆ. ಅದು ಮಹಡಿ ಇಳಿದು ಸಮಿತಿಯ ಕೊಠಡಿಗೆ ಬಂದು ಗಂಟೆಯಣ್ಣ ಫಲಕ ಬದಲಿಸುವಷ್ಟರಲ್ಲಿ ಕೆಲವೊಮ್ಮೆ ಹೊತ್ತು ಮುಳುಗಿರುತ್ತಿತ್ತು.

ಗಂಟೆಯಣ್ಣನ ತಂಗಿಯ ಗಂಡ ಸರ್ಕಾರಿ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ದೋಣಿ ಮುಳುಗಿತು. ಪ್ರಯಾಣಿಕರೂ ಹೋದರು, ಅವನೂ ಹೋದ. ಸತ್ತವನು ಎದುರು ಮಾತಾಡುವುದಿಲ್ಲವಲ್ಲ, ಇಲಾಖೆಯವರು ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿ ಕೈತೊಳೆದುಕೊಂಡರು. ಶಾಲೆಯಲ್ಲಿ ಅವನ ಮಗಳಿಗೆ 'ದೋಣಿ ಮುಳುಗಿಸಿದವನ ಮಗಳು' ಎಂದೇ ಹೆಸರಾಯಿತು. ದೋಣಿಯ ತಳದಲ್ಲಿ ನೀರು ಜಿನುಗುತ್ತಿದೆ ಎಂದು ಅವನು ಮೇಲಧಿಕಾರಿಗೆ ಹೇಳಿದಾಗ ಊಟ ಕೊಡಲು ಹೋಗಿದ್ದ ತಂಗಿ ಅಲ್ಲೇ ನಿಂತಿದ್ದಳು. ಅಧಿಕಾರಿ ಕೊಟ್ಟ ಉತ್ತರವನ್ನೂ ಕೇಳಿಸಿಕೊಂಡಿದ್ದಳು. ಅದನ್ನು ಹೇಳಲಿ ಎಂದೇ ತನಿಖಾ ಸಮಿತಿ ಅವಳನ್ನು ಸಾಕ್ಷಿಗೆ ಕರೆಯಿತು. ಗಂಡನ ಮೇಲಿನ ಕಳಂಕ ತೊಳೆಯಲು ಅವಳಿಗೆ ಉಳಿದಿದ್ದದ್ದು ಅದೊಂದೇ ದಾರಿ.

"ಬಾಯೇ ಬರಲ್ಲ ಅಣ್ಣಾ. ಅಷ್ಟು ಜನ ದೊಡ್ಡವ್ರ ಮುಂದೆ ಹೆಂಗೆ ಹೇಳ್ಲಿ?"

"ನಾನು ಬಾಗಿಲಲ್ಲೇ ಇರ್ತೀನಲ್ಲ. ನನ್ನ ಮುಖ ನೋಡ್ಕೊಂಡು ಹೇಳಮ್ಮ."

ಸಭೆ ನಡೆಯಬೇಕಾದರೆ ಕೋರಂ ಇರಬೇಕು, ಅಂದರೆ ಕಡೇಪಕ್ಷ ಐವರು ಸದಸ್ಯರು. ಆ ಬೆಳಿಗ್ಗೆ ಬಂದವರು ನಾಲ್ವರು. ಗಂಟೆಯಣ್ಣ ಗಂಟೆ ಬಾರಿಸಿದ. ತಡೆದು ಮತ್ತೆ ಬಾರಿಸಿದ. ತಂಗಿ ಕರವಸ್ತ್ರ ಹಿಂಡುತ್ತಾ ಕೂತಿದ್ದಳು. "ನಾಳೆ ಇಟ್ಕೊಳ್ಳೋಣ್ವಾ?" ಎಂದು ಅಧ್ಯಕ್ಷರು ಗಡಿಯಾರ ನೋಡಿದರು. ಇವತ್ತು ಎದ್ದುಹೋದರೆ ನಾಳೆ ಅವಳಿಗೆ ಧೈರ್ಯ ಬರುತ್ತದೆಂಬ ನಂಬಿಕೆ ಅಣ್ಣನಿಗಿರಲಿಲ್ಲ. ಖಾಲಿ ಕುರ್ಚಿಗಳಲ್ಲಿ ಒಂದರ ಮುಂದಿದ್ದ ಫಲಕ ನೋಡಿದವನೇ ಕ್ಯಾಂಟೀನಿಗೆ ಓಡಿದ. ಆ ಫಲಕದ ಸದಸ್ಯರು, ಆಳುವ ಪಕ್ಷದ ದಪ್ಪ ಕನ್ನಡಕದವರು, ತಿಂಡಿ ತಿನ್ನುತ್ತಿದ್ದರು.

"ಸಾರ್, ಕೋರಂಗೆ ಒಬ್ರು ಕಮ್ಮಿ. ದಮ್ಮಯ್ಯ, ಬನ್ನಿ."

"ಅಯ್ಯೋ, ಇವತ್ತಿತ್ತಾ? ನಡಿ ನಡಿ," ಎಂದು ಪುಣ್ಯಾತ್ಮರು ಅರ್ಧ ತಟ್ಟೆ ಬಿಟ್ಟು ಎದ್ದುಬಂದರು.

ತಂಗಿ ಹೇಳಿದಳು. ಮೊದಲು ತೊದಲಿದಳು, ಆಮೇಲೆ ಅಣ್ಣನ ಮುಖವನ್ನೇ ನೋಡುತ್ತಾ ಒಂದೇ ಉಸಿರಿಗೆ ಹೇಳಿದಳು. "'ಓಡೋಷ್ಟು ದಿನ ಓಡ್ಸು, ಮುಳುಗಿದಾಗ ನೋಡ್ಕೊಳ್ಳೋಣ' ಅಂದ್ರು ಸ್ವಾಮಿ. ನಕ್ಕೊಂಡು ಅಂದ್ರು. ನಮ್ಮನೆಯವ್ರು ನಗಲಿಲ್ಲ." ಅಧ್ಯಕ್ಷರು ಕಣ್ಣು ಒರೆಸಿಕೊಂಡರು. ಹೊರಗೆ ಬಂದ ಗಂಟೆಯಣ್ಣ ನನ್ನ ಕೈ ಹಿಡಿದು ಚಿಕ್ಕ ಹುಡುಗನ ಹಾಗೆ ಅಲ್ಲಾಡಿಸಿದ. ಅವನು ಅಷ್ಟು ಸಂತೋಷಪಟ್ಟಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಸಮಿತಿಯ ಕಾರ್ಯದರ್ಶಿ ಸಪ್ಪೆ ಮುಖ ಹಾಕಿಕೊಂಡು ಬಂದರು. ಆಳುವ ಪಕ್ಷದಲ್ಲಿ ಹಿಂದಿನ ಸಂಜೆಯೇ ಸಚೇತಕರು ಬದಲಾಗಿದ್ದರು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬಂತೆ, ಹೊಸಬರು ಬೆಳಗಾಗುತ್ತಲೇ ಇದ್ದಬದ್ದ ಸಮಿತಿಗಳನ್ನೆಲ್ಲ ಕಲಕಿದ್ದರು. ದಪ್ಪ ಕನ್ನಡಕದವರನ್ನು ನಮ್ಮ ಸಮಿತಿಯಿಂದ ತೆಗೆದ ಆದೇಶ ಸಭೆಗೆ ಮೊದಲೇ ಸಭಾಧ್ಯಕ್ಷರ ಕಚೇರಿ ಮುಟ್ಟಿತ್ತು, ಕೆಳಗೆ ಇಳಿದು ಬಂದದ್ದು ಈಗ. ಪಾಪ, ಅದು ಅವರಿಗೇ ಗೊತ್ತಿರಲಿಲ್ಲ.

"ಐದನೆಯವ್ರು ಇರ್ಲೇ ಇಲ್ಲ ಅಂತಾಯ್ತು," ಎಂದರು ಕಾರ್ಯದರ್ಶಿ. "ಕೋರಂ ಇಲ್ಲ ಅಂದ್ರೆ ಸಭೆ ಇಲ್ಲ. ಸಭೆ ಇಲ್ಲ ಅಂದ್ರೆ ಸಾಕ್ಷೀನೂ ಇಲ್ಲ. ದಾಖಲೆಯಿಂದ ಎಲ್ಲಾ ತೆಗೀಬೇಕು."

"ಅವ್ರು ಕೂತಿದ್ರಲ್ಲ ಸಾರ್! ಎಲ್ರೂ ನೋಡಿದೀವಿ!"

"ಕೂತಿದ್ರು, ಆದ್ರೆ ಸದಸ್ಯರಾಗಿರ್ಲಿಲ್ಲ ಗಂಟೆಯಣ್ಣ. ಆ ಕುರ್ಚಿ ಮೇಲೆ ನೀನು ಕೂತಿದ್ರೂ ಅಷ್ಟೇ ಆಗ್ತಿತ್ತು."

ಕಾರ್ಯದರ್ಶಿ ಕೆಟ್ಟವರಲ್ಲ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ. ಬಾಯಿ ತುಂಬ ಬೈಯಲು ಆ ಕಟ್ಟಡದಲ್ಲಿ ಒಬ್ಬ ಕೆಟ್ಟವನಾದರೂ ಕೈಗೆ ಸಿಗಬೇಕಿತ್ತು. ಊರಿಗೆ ಹೋಗಿದ್ದ ಇನ್ನಿಬ್ಬರು ಸದಸ್ಯರು ಮರುದಿನವೇ ಬಂದರು. ಗಂಟೆಯಣ್ಣ ಕ್ಯಾಂಟೀನಿಗೆ ಓಡದೆ ಸುಮ್ಮನಿದ್ದಿದ್ದರೆ ಅವರ ಮುಂದೆ ಸಾಕ್ಷಿ ನಡೆಯುತ್ತಿತ್ತು. ಆ ಮಾತನ್ನು ನಾನು ಆಡಲಿಲ್ಲ, ಅವನೇ ಆಡಿ ಆಡಿ ಬಡವಾದ.

ತಂಗಿಯನ್ನು ಮತ್ತೆ ಕರೆಸಿದರು. ಈ ಸಲ ಕೊಠಡಿ ತುಂಬಿತ್ತು, ಫಲಕಗಳೆಲ್ಲ ಸರಿಯಾಗಿದ್ದವು. ಗಂಟೆಯಣ್ಣ ಪ್ರತಿಯೊಂದನ್ನೂ ಕಾರ್ಯದರ್ಶಿಯವರಿಗೆ ತೋರಿಸಿ ಇಟ್ಟಿದ್ದ. ಅವಳು ಕೂತಳು. ಬಾಯಿ ತೆರೆದಳು. ಮಾತು ಹೊರಡಲಿಲ್ಲ.

"ಹೇಳಿ ಅಮ್ಮಾ," ಎಂದರು ಅಧ್ಯಕ್ಷರು.

"ಹೇಳಿದ್ನಲ್ಲ ಸ್ವಾಮಿ."

"ಅದು ದಾಖಲೆಯಲ್ಲಿ ಇಲ್ಲಮ್ಮ. ಇನ್ನೊಂದ್ಸಲ ಹೇಳ್ಬೇಕು."

"ನೀವೇ ಕೇಳಿದ್ರಲ್ಲ. ಕಣ್ಣು ಒರೆಸ್ಕೊಂಡ್ರಲ್ಲ."

ಅಧ್ಯಕ್ಷರು ತಲೆ ತಗ್ಗಿಸಿದರು. ಅವಳು ಬಾಗಿಲ ಕಡೆ ತಿರುಗಿ ಅಣ್ಣನನ್ನು ನೋಡಿದಳು. ಅವಳು ಆಡಿದ ಒಂದೊಂದು ಮಾತೂ ಅವನಿಗೆ ಬಾಯಿಪಾಠವಾಗಿತ್ತು. ಅವನು ಒಂದು ಹೆಜ್ಜೆ ಒಳಗಿಟ್ಟ. ಕಾರ್ಯದರ್ಶಿ ಎದ್ದುಬಂದು ಮೆಲ್ಲಗೆ ಅವನ ಭುಜ ಹಿಡಿದರು. ನೀರು ಕೊಡುವವನು ಸಭೆಯಲ್ಲಿ ಮಾತಾಡುವಂತಿಲ್ಲ. ಅವನು ಲೋಟಕ್ಕೆ ನೀರು ತುಂಬಿಸಿ ತಂಗಿಯ ಮುಂದಿಟ್ಟು ಹಿಂದಕ್ಕೆ ಬಂದ. ಅವಳು ಅದನ್ನೂ ಮುಟ್ಟಲಿಲ್ಲ.

'ಸಾಕ್ಷಿಗೆ ಹೇಳಲು ಏನೂ ಇಲ್ಲ' ಎಂದು ನಡಾವಳಿಯಲ್ಲಿ ಬರೆದುಕೊಂಡರು. ಎಂಜಿನ್ ನೋಡಿಕೊಳ್ಳುವವನ ನಿರ್ಲಕ್ಷ್ಯದಿಂದ ದೋಣಿ ಮುಳುಗಿತೆಂದು ವರದಿ ಸಿದ್ಧವಾಯಿತು. ಅಧ್ಯಕ್ಷರಾದರೂ ಏನು ಮಾಡಿಯಾರು, ದಾಖಲೆಯಲ್ಲಿ ಇದ್ದದ್ದು ಇಲಾಖೆಯವರ ಮಾತು ಮಾತ್ರ.

ವರದಿಯನ್ನು ಮತಕ್ಕೆ ಹಾಕುವ ದಿನ ಸದನದ ಗಂಟೆ ಬಾರಿಸುವ ಸರದಿ ಗಂಟೆಯಣ್ಣನದೇ ಆಗಿತ್ತು. "ನಾನು ಬಾರಿಸ್ತೀನಿ, ನೀನು ಮನೆಗೆ ಹೋಗೋ," ಎಂದೆ. ಅವನು ಕೇಳಲಿಲ್ಲ. ಗಂಟೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಗೋಡೆ ನೋಡುತ್ತಾ ನಿಂತ. ಮೊಗಸಾಲೆಗಳಿಂದ, ಕ್ಯಾಂಟೀನಿನಿಂದ, ಮೆಟ್ಟಿಲುಗಳಿಂದ ಸದಸ್ಯರು ಬಂದರು, ಬರುತ್ತಲೇ ಇದ್ದರು. ಆವತ್ತು ಅವನು ಯಾರನ್ನೂ ಹುಡುಕಿಕೊಂಡು ಓಡಬೇಕಾಗಲಿಲ್ಲ.